ಗುಳಿಗೆಯ ಲೆಕ್ಕ

ಕ್ಷಯರೋಗಿಯು ಔಷಧವನ್ನು ಸಾಮಾನ್ಯವಾಗಿ 6 ತಿಂಗಳು ಎಡೆಬಿಡದೆ ಸೇವಿಸಬೇಕು. ಕೆಲವು ವಾರಗಳಲ್ಲಿ ಕೆಮ್ಮು ತಗ್ಗಿದೊಡನೆ ಅನೇಕರು ಅದನ್ನು ಬಿಟ್ಟುಬಿಡುವರು. ಆಗ ರೋಗವು ಮರಳುವುದಲ್ಲದೆ ಔಷಧಕ್ಕೆ ಮಣಿಯದಂತಾಗುವ ಭಯವೂ ಉಂಟು. ಇದನ್ನು ತಡೆಯಲು ನಮ್ಮ ಬೆಂಗಳೂರಿನಲ್ಲಿಯೇ ಹುಟ್ಟಿದ ‘99 ಡಾಟ್ಸ್’ ಎಂಬ ಏರ್ಪಾಡು ಶ್ಲಾಘ್ಯವಾದುದು. ಗುಳಿಗೆಯನ್ನು ಹೊರದೂಡಿದೊಡನೆ ಪೊಟ್ಟಣದಲ್ಲಿ ಅಡಗಿದ್ದ ದೂರವಾಣಿ ಸಂಖ್ಯೆಯು ಕಾಣುವುದು. ರೋಗಿಯು ಅದಕ್ಕೆ ಕಾಸಿನ ಖರ್ಚಿಲ್ಲದೆ ಕರೆಮಾಡಿದರೆ ಆ ದಿನದ ಲೆಕ್ಕವು ಗಣಕದಲ್ಲಿ ದಾಖಲಾಗುವುದು. ಕರೆ ಬಾರದಿದ್ದರೆ ಆರೋಗ್ಯ ಕಾರ್ಯಕರ್ತರು ಮನೆಗೆ ಹೋಗಿ ವಿಚಾರಿಸಬಹುದು.

ಆದರೆ ಕರೆ ಬಂದ ಮಾತ್ರಕ್ಕೆ ಗುಳಿಗೆಯು ಹೊಟ್ಟೆ ಸೇರಿತೆಂದು ನಂಬುವಂತಿಲ್ಲ. ಕರೆಮಾಡದವರೆಲ್ಲರೂ ಔಷಧ ಬಿಟ್ಟವರೆಂದೂ ಹೇಳುವಂತಿಲ್ಲ. ಇನ್ನೊಂದು ಮಾತು. 2024ರ ಮಾರ್ಚಿ ತಿಂಗಳಲ್ಲಿ ಕ್ಷಯದ ಔಷಧದ ಸರಬರಾಜು ತಡವಾಗಿ, 3 ತಿಂಗಳಿಗಾಗುವಷ್ಟನ್ನು ಸ್ಥಳೀಯವಾಗಿ ಕೊಂಡುಕೊಳ್ಳಿರೆಂದು ಕೇಂದ್ರ ಸರ್ಕಾರವು ರಾಜ್ಯಗಳಿಗೆ ಬರೆಯಬೇಕಾಯಿತು. ರೋಗಿಯು ತಪ್ಪಿದ ದಿನವನ್ನು ಎಣಿಸಲು ಯಂತ್ರವುಂಟು. ಸರ್ಕಾರವು ತಪ್ಪಿದ ದಿನವನ್ನು ಎಣಿಸುವವರಾರು? ಗಣಕವು ಕಾರ್ಯಕರ್ತರಿಗೆ ಊರುಗೋಲಾಗಲಿ, ಅವರ ಸ್ಥಾನವನ್ನು ಆಕ್ರಮಿಸದಿರಲಿ. ಔಷಧದ ಉಗ್ರಾಣದ ಲೆಕ್ಕವನ್ನೂ ಅದು ಪ್ರತಿದಿನ ಸರ್ವರಿಗೂ ಕಾಣುವಂತೆ ಪ್ರಕಟಿಸಲಿ. ಅಧಿಕಾರಿಗಳು ಇದನ್ನು ಪರಾಂಬರಿಸಬೇಕೆಂದು ನಮ್ಮ ಪ್ರಾರ್ಥನೆ.