ತೆರಬಂಡಿ ಎತ್ತಿಗೆ ಟೇಪು ಹಿಡಿಯುವ ನಾವು ಟ್ರ್ಯಾಕ್ಟರ್ ಎಚ್‌ಪಿ ಯಾಕೆ ಕೇಳುವುದಿಲ್ಲ?

ಜಾತ್ರೆಯಲ್ಲಿ ತೆರಬಂಡಿ ನೋಡಿದವರಿಗೆ ಗೊತ್ತು. ಎತ್ತಿನ ಮಾಲೀಕ ತನ್ನ ಜೋಡಿಯನ್ನು ಎಷ್ಟೇ ಹೊಗಳಲಿ, ಕಣಕ್ಕೆ ಇಳಿದ ಮೇಲೆ ಆ ಮಾತಿಗೆ ಬೆಲೆ ಇಲ್ಲ. ಗಾಲಿ ಉರುಳದಂತೆ ಕಟ್ಟಿದ ಬಂಡಿ, ಅದರ ಮೇಲೆ ಭಾರ, ಪಂಚರ ಕೈಯಲ್ಲಿ ಗಡಿಯಾರ, ನೆಲದ ಮೇಲೆ ಟೇಪು. ಕೊಟ್ಟ ವೇಳೆಯೊಳಗೆ ಎಷ್ಟು ಅಡಿ ಜಗ್ಗಿತು ಅನ್ನುವುದಷ್ಟೇ ಲೆಕ್ಕ. ಅರ್ಧ ಅಡಿ ಕಡಿಮೆ ಬರೆದರೂ ಜಗಳ ಸಂಜೆತನಕ ನಿಲ್ಲುವುದಿಲ್ಲ.

ಅದೇ ಜನ ಏಳೆಂಟು ಲಕ್ಷದ ಟ್ರ್ಯಾಕ್ಟರ್ ತರುವಾಗ ಮಾತ್ರ ಬಾನೆಟ್ ಮೇಲಿನ ಅಂಕಿಯನ್ನು ನಂಬಿ ಸಹಿ ಹಾಕಿ ಬರುತ್ತೇವೆ.

ಹೋದ ವರ್ಷ ಕಬ್ಬೂರ ಕಡೆಯ ನಮ್ಮ ಬೀಗರೊಬ್ಬರ ಸಂಗಡ ನಾವೂ ಶೋರೂಮಿಗೆ ಹೋಗಿದ್ದೆವು. ಯಾವ ಶೋರೂಮು, ಯಾವ ಕಂಪನಿ ಅನ್ನುವುದು ಇಲ್ಲಿ ಮುಖ್ಯವಲ್ಲ. ಮಾರುವ ಹುಡುಗ ಚಹಾ ತರಿಸಿ, "ಕಾಕಾರ, ಇದು ಐವತ್ತರ ಗಾಡಿ ರೀ. ಏಳು ಫೂಟಿನ ರೋಟಾವೇಟರ್ ಹಚ್ಚರಿ, ಆರಾಮ ಹೊಡಿತೈತಿ" ಅಂದ. ಬೀಗರು ಟ್ರ್ಯಾಕ್ಟರ್ ಜೊತೆಗೆ ಏಳು ಅಡಿಯ ರೋಟಾವೇಟರನ್ನೂ ತಂದರು. ಕಬ್ಬಿನ ಕುಳೆ ತೆಗೆಯಲು ಎರೆ ಹೊಲಕ್ಕೆ ಇಳಿಸಿದ ಮೊದಲ ದಿನವೇ ಇಂಜಿನ್ ಕರಿ ಹೊಗೆ ಬಿಟ್ಟು ಕುಸಿಯತೊಡಗಿತು. ಗೇರು ಇಳಿಸಿ, ಆಳ ಕಡಿಮೆ ಮಾಡಿ, ಒಂದು ಸಾಲಿಗೆ ಎರಡು ಸಲ ಓಡಾಡಿ ಕೆಲಸ ಮುಗಿಸಿದರು. ಡೀಸೆಲ್ ಲೆಕ್ಕ ಬಂದಾಗ ಕಾಕಾ ಕೇಳಿದ್ದು ಒಂದೇ ಪ್ರಶ್ನೆ: "ಐವತ್ತು ಅಂದಿದ್ರಲ್ಲಪಾ, ಎಲ್ಲಿ ಅದಾವು ಆ ಐವತ್ತು?"

ಆ ಪ್ರಶ್ನೆಗೆ ಉತ್ತರ ಹುಡುಕುವಾಗ ನಮಗೆ ತಿಳಿದದ್ದು ಏನೆಂದರೆ, ಮಾರುವ ಹುಡುಗ ಸುಳ್ಳು ಹೇಳಿರಲಿಲ್ಲ. ಐವತ್ತು ಇತ್ತು. ಆದರೆ ಅದು ಇದ್ದದ್ದು ಇಂಜಿನ್ನಿನಲ್ಲಿ.

ಇಂಜಿನ್ ಹುಟ್ಟಿಸಿದ ಶಕ್ತಿ ಗೇರುಗಳ ಮೂಲಕ ಹಿಂದಿನ ಪಿಟಿಒ ಶಾಫ್ಟಿಗೆ ಬರುವಾಗ ದಾರಿಯಲ್ಲಿ ಒಂದಿಷ್ಟು ಸೋರುತ್ತದೆ. ರೋಟಾವೇಟರ್ ತಿರುಗಿಸುವುದು ಈ ಪಿಟಿಒ. ನೇಗಿಲು, ಟ್ರ್ಯಾಲಿ ಜಗ್ಗುವಾಗ ಶಕ್ತಿ ಗಾಲಿಯತನಕ ಹೋಗಬೇಕು, ಅಲ್ಲಿ ಇನ್ನೂ ಸೋರುತ್ತದೆ. ನೆಲ ಮೆತ್ತಗಿದ್ದರೆ ಗಾಲಿ ಜಾರಿ ಮತ್ತಷ್ಟು ಹೋಗುತ್ತದೆ. ಕೃಷಿ ಇಂಜಿನಿಯರುಗಳಲ್ಲಿ ಒಂದು ಹಳೆಯ ಅಂದಾಜಿನ ಸೂತ್ರ ಇದೆ: ಒಂದೊಂದು ಮೆಟ್ಟಿಲು ದಾಟಿದಾಗಲೂ ನೂರರಲ್ಲಿ 86 ಉಳಿಯುತ್ತದೆ. ಇಂಜಿನ್ನಿನಲ್ಲಿ 50 ಇದ್ದರೆ ಪಿಟಿಒದಲ್ಲಿ 43, ಕಾಂಕ್ರೀಟ್ ಮೇಲೆ ಜಗ್ಗುವಾಗ 37, ಗಟ್ಟಿ ನೆಲದಲ್ಲಿ 32. ಹರಗಿದ ಹೊಲದ ಮಾತು ಬೇಡವೇ ಬೇಡ. ನಮ್ಮ ಬೀಗರ ಮಾದರಿಯ ಪರೀಕ್ಷಾ ವರದಿ ತೆಗೆದು ನೋಡಿದೆವು, ಪಿಟಿಒ ಮೇಲೆ ಅಳೆದದ್ದು 42ರ ಆಸುಪಾಸು. ಏಳು ಅಡಿಯ ರೋಟಾವೇಟರ್ ಕೊಳ್ಳುವ ಮುಂಚೆ ಕೇಳಬೇಕಾಗಿದ್ದ ಅಂಕಿ ಅದು.

ವರದಿ ಎಲ್ಲಿಂದ ಬಂತು ಅಂದಿರಾ? ಮಧ್ಯಪ್ರದೇಶದ ಸೀಹೋರ್ ಜಿಲ್ಲೆಯ ಬುದ್ನಿಯಲ್ಲಿ ಕೇಂದ್ರ ಸರ್ಕಾರದ ಕೃಷಿ ಯಂತ್ರ ತರಬೇತಿ ಮತ್ತು ಪರೀಕ್ಷಾ ಸಂಸ್ಥೆ ಇದೆ. ಟ್ರ್ಯಾಕ್ಟರುಗಳ ತೆರಬಂಡಿ ಕಣ ಅಂದರೆ ಅದೇ. ಪಿಟಿಒಗೆ ಅಳೆಯುವ ಯಂತ್ರ ಜೋಡಿಸಿ ನೋಡುತ್ತಾರೆ. ಭಾರ ಹೇರಿ, ಹೇರದೆ, ಎರಡೂ ರೀತಿ ಜಗ್ಗಿಸುತ್ತಾರೆ. ತಾಸಿಗೆ ಎಷ್ಟು ಲೀಟರ್ ಡೀಸೆಲ್ ಕುಡಿಯಿತು ಅಂತ ಬರೆಯುತ್ತಾರೆ. ಬಿಸಿ ಹವೆಯಲ್ಲಿ ಶಕ್ತಿ ಎಷ್ಟು ಇಳಿಯಿತು ಅನ್ನುವುದಕ್ಕೂ ಬೇರೆ ಪರೀಕ್ಷೆ ಇದೆ. ನಮ್ಮ ಏಪ್ರಿಲ್, ಮೇ ಬಿಸಿಲಲ್ಲಿ ಹೊಲ ಹೊಡೆಯುವವರಿಗೆ ಬೇಕಾದ ಸಾಲು ಅದೇ, ಆದರೆ ಬ್ರೋಷರಿನಲ್ಲಿ ಅದು ನಮ್ಮ ಕಣ್ಣಿಗೆ ಬಿದ್ದಿಲ್ಲ.

ಸಿಟ್ಟು ಬರುವುದು ಇಲ್ಲಿ. ಕೇಂದ್ರದ ಕೃಷಿ ಯಾಂತ್ರೀಕರಣ ಉಪ ಅಭಿಯಾನದಲ್ಲಿ ಟ್ರ್ಯಾಕ್ಟರಿಗೆ ಸಬ್ಸಿಡಿ ವರ್ಗ ಮಾಡಿರುವುದು ಪಿಟಿಒ ಎಚ್‌ಪಿ ಮೇಲೆ: 20ರಿಂದ 40, 40ರಿಂದ 70, ಹೀಗೆ. ಅಂದರೆ ದುಡ್ಡು ಕೊಡುವಾಗ ಸರ್ಕಾರ ಅಳೆದ ಅಂಕಿ ನೋಡುತ್ತದೆ. ದುಡ್ಡು ಕೊಡುವ ರೈತನಿಗೆ ಮಾತ್ರ "ಐವತ್ತರ ಕೆಟಗರಿ" ಅನ್ನುವ ಮಾತು. ಕೆಟಗರಿ ಅನ್ನುವ ಶಬ್ದ ಯಾರು ಕಂಡುಹಿಡಿದರೋ, ಭಾಳ ಶಾಣ್ಯಾ ಇರಬೇಕು.

ಇದು ಟ್ರ್ಯಾಕ್ಟರಿನ ರೋಗ ಮಾತ್ರ ಅಲ್ಲ. ನಮ್ಮೂರ ಹುಡುಗರು ಈಗ ಮೊಬೈಲಿನಲ್ಲಿ ಟರ್ಬೊ ಕಾರುಗಳ ವೀಡಿಯೊ ನೋಡಿ ವಾದ ಮಾಡುತ್ತಾರೆ. ಕಂಪನಿ 120 ಅಂದದ್ದು ರೋಲರ್ ಮೇಲೆ ಗಾಲಿಯಿಂದ ಅಳೆದರೆ 100 ಚಿಲ್ಲರೆ ಬರುತ್ತದೆ, ಮೋಸ ಅಂತ ಒಬ್ಬ, ಅಲ್ಲ ಅಂತ ಇನ್ನೊಬ್ಬ. ಇಲ್ಲಿಯೂ ಅದೇ ಕಥೆ, ಒಂದು ಇಂಜಿನ್ನಿನ ಅಂಕಿ, ಇನ್ನೊಂದು ಗಾಲಿಯ ಅಂಕಿ. ಅಮೆರಿಕದಲ್ಲಿ 2005ರ ಸುಮಾರಿಗೆ ಅಳತೆಯ ನಿಯಮ ಬಿಗಿಯಾದಾಗ ಟೊಯೋಟಾ ಕ್ಯಾಮ್ರಿಯ 3 ಲೀಟರ್ ವಿ6 ಇಂಜಿನ್ 210ರಿಂದ 190ಕ್ಕೆ ಇಳಿಯಿತು. ಇಂಜಿನ್ ಅದೇ, ಬದಲಾದದ್ದು ಅಳತೆ. ಉಲ್ಟಾ ಕಥೆಯೂ ಇದೆ. ಜಪಾನಿನ ಕಂಪನಿಗಳು 1989ರಿಂದ 2004ರತನಕ ತಮ್ಮೊಳಗೆ ಒಪ್ಪಂದ ಮಾಡಿಕೊಂಡು ಯಾವ ಕಾರಿಗೂ 280ಕ್ಕಿಂತ ಹೆಚ್ಚು ಬರೆಯಲಿಲ್ಲ. ನಿಸಾನ್ ಸ್ಕೈಲೈನ್ ಜಿಟಿ-ಆರ್‌ನಂಥ ಟರ್ಬೊ ಗಾಡಿಗಳು ಅಳೆದಾಗ ಅದಕ್ಕಿಂತ ಜಾಸ್ತಿ ಕೊಡುತ್ತಿದ್ದವು.

ನಮ್ಮಲ್ಲಿ ಈಗ ಅಂಥದೇ ಒಂದು ಗೆರೆ ಐವತ್ತರ ಹತ್ತಿರ ಎದ್ದಿದೆ. 2023ರ ಜನವರಿ 1ರಿಂದ 50 ಎಚ್‌ಪಿ ಮೇಲಿನ ಟ್ರ್ಯಾಕ್ಟರುಗಳಿಗೆ ಟ್ರೆಮ್ 4 ಎಂಬ ಹೊಗೆ ನಿಯಮ ಬಂತು. ಅದಕ್ಕೆ ತಕ್ಕ ಇಂಜಿನ್ ದುಬಾರಿ. ಅದಾದ ಮೇಲೆ ಬ್ರೋಷರುಗಳಲ್ಲಿ 49 ಚಿಲ್ಲರೆ ಅನ್ನುವ ಅಂಕಿ ನೋಡಿ ನೋಡಿ ನಮಗೆ ಸಾಕಾಗಿದೆ. ಬೆವರು ಸುರಿಸಿ ಅಳೆದರೆ ಬರುವ ಅಂಕಿ ಬೇರೆ, ಕಾಯ್ದೆಯ ಗೆರೆ ನೋಡಿ ಬರುವ ಅಂಕಿ ಬೇರೆ. ಹಾಗಂತ ನಾವೇನೂ ಸಾಚಾ ಅಲ್ಲ ಬಿಡಿ. 10 ಎಚ್‌ಪಿತನಕ ಪಂಪ್‌ಸೆಟ್ಟಿಗೆ ವಿದ್ಯುತ್ ಉಚಿತ ಅಂದಾಗ, ಬೋರಿನ ಮೋಟರಿನ ಎಚ್‌ಪಿ ಬರೆಸುವವರ ಕಣ್ಣೂ ಆ ಗೆರೆಯ ಮೇಲೆ ಇರುತ್ತದೆ.

ಇದನ್ನು ಸರಿಮಾಡಲು ಆಗುತ್ತದೆ ಅನ್ನಲಿಕ್ಕೆ ನೂರು ವರ್ಷ ಹಳೆಯ ಸಾಕ್ಷಿ ಇದೆ. ಅಮೆರಿಕದ ನೆಬ್ರಾಸ್ಕಾ ರಾಜ್ಯದಲ್ಲಿ ವಿಲ್ಮೊಟ್ ಕ್ರೋಜಿಯರ್ ಎಂಬ ರೈತ ಇದ್ದ. ಮಿನಿಯಾಪೊಲಿಸ್‌ನ ಒಂದು ಕಂಪನಿ ಫೋರ್ಡ್ ಎಂಬ ಅಡ್ಡಹೆಸರಿನವನೊಬ್ಬನನ್ನು ಹಿಡಿದು ತಂದು, ಅವನ ಹೆಸರಿನಲ್ಲಿ ಟ್ರ್ಯಾಕ್ಟರ್ ಮಾರುತ್ತಿತ್ತು. ಕಾರಿನ ಹೆನ್ರಿ ಫೋರ್ಡ್‌ಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಕ್ರೋಜಿಯರ್ ಅದನ್ನು ತಂದು ಕೈಸುಟ್ಟುಕೊಂಡ. ಎರಡನೆಯದಾಗಿ ತಂದ ಬುಲ್ ಎಂಬ ಟ್ರ್ಯಾಕ್ಟರೂ ಕೈಕೊಟ್ಟಿತು. ಮೂರನೆಯದು ರಮ್ಲಿ ಕಂಪನಿಯದು. ಮೂರು ನೇಗಿಲು ಜಗ್ಗುತ್ತದೆ ಅಂತ ಮಾರಿದ ಆ ಗಾಡಿ ಐದು ಜಗ್ಗಿತು. ಆಗ ಅವನಿಗೆ ಹೊಳೆದದ್ದು, ಹೇಳಿದ್ದಕ್ಕೂ ಇರುವುದಕ್ಕೂ ತಾಳೆ ನೋಡುವವರು ಯಾರೂ ಇಲ್ಲ ಅಂತ. ಅವನು ಶಾಸನಸಭೆಯ ಸದಸ್ಯನೂ ಆಗಿದ್ದ. 1919ರಲ್ಲಿ ಕಾಯ್ದೆ ಆಯಿತು: ವಿಶ್ವವಿದ್ಯಾಲಯದಲ್ಲಿ ಪರೀಕ್ಷೆ ಆಗದ ಹೊಸ ಮಾದರಿಯನ್ನು ಆ ರಾಜ್ಯದಲ್ಲಿ ಮಾರುವಂತಿಲ್ಲ. 1920ರಲ್ಲಿ ವಾಟರ್‌ಲೂ ಬಾಯ್ ಎಂಬ ಟ್ರ್ಯಾಕ್ಟರ್ ಮೊದಲು ಪಾಸಾಯಿತು.

ನಮ್ಮಲ್ಲಿ ಪರೀಕ್ಷೆ ಮಾಡುವ ಸಂಸ್ಥೆ ಆಗಲೇ ಇದೆ, ವರದಿಗಳು ಜಾಲತಾಣದಲ್ಲೂ ಸಿಗುತ್ತವೆ. ಆದರೆ ಅವು ಇಂಗ್ಲಿಷಿನ ಉದ್ದುದ್ದ ಕೋಷ್ಟಕಗಳು. ಚಿಕ್ಕೋಡಿ, ರಾಯಬಾಗ, ಅಥಣಿ ಕಡೆಯ ಎಷ್ಟು ರೈತರು ಅವನ್ನು ತೆರೆದು ನೋಡಿಯಾರು? ನಾವು ಕೇಳುವುದು ದೊಡ್ಡದೇನಲ್ಲ. ಪ್ರತಿ ಶೋರೂಮಿನಲ್ಲಿ, ಬೆಲೆ ಬರೆದ ಬೋರ್ಡಿನ ಪಕ್ಕದಲ್ಲೇ, ಕನ್ನಡದಲ್ಲಿ, ಅದೇ ದೊಡ್ಡ ಅಕ್ಷರದಲ್ಲಿ ಇರಲಿ: ಅಳೆದ ಪಿಟಿಒ ಎಚ್‌ಪಿ ಎಷ್ಟು, ಜಗ್ಗುವ ಶಕ್ತಿ ಎಷ್ಟು, ಆ ಹೊತ್ತಿಗೆ ತಾಸಿಗೆ ಡೀಸೆಲ್ ಎಷ್ಟು. ಸಾಲ ಕೊಡುವ ಬ್ಯಾಂಕು, ಸೊಸೈಟಿಗಳೂ ಅರ್ಜಿಯ ಜೊತೆಗೆ ಆ ಹಾಳೆ ಕೇಳಲಿ. ಕಂತು ಕಟ್ಟುವ ರೈತ ಎಕರೆಗೆ ಎಷ್ಟು ಖರ್ಚು ಮಾಡುತ್ತಾನೆ ಅನ್ನುವುದು ಅವರಿಗೂ ಬೇಕಾದ ಲೆಕ್ಕವೇ.

ಪರಿಚಯದ ಒಬ್ಬ ಡೀಲರ್ ಮುಂದೆ ಇದನ್ನು ಹೇಳಿದೆವು. "ನಾ ಒಬ್ಬಾಂವ 42 ಅಂತ ಬರೆದ್ರ ಗಿರಾಕಿ ಬಾಜೂ ಅಂಗಡಿಗೆ ಹೋಗಿ 50 ತರ್ತಾರ್ರಿ" ಅಂದರು. ಅವರ ಮಾತೂ ಖರೆ. ಒಬ್ಬರಿಂದ ಆಗುವ ಕೆಲಸ ಅಲ್ಲ, ಎಲ್ಲರಿಗೂ ಒಂದೇ ನಿಯಮ ಬೇಕು. ಕೃಷಿ ಇಲಾಖೆಯ ಯಂತ್ರೋಪಕರಣ ವಿಭಾಗ ಮನಸ್ಸು ಮಾಡಿದರೆ, ಕಡೇಪಕ್ಷ ತನ್ನ ಸಬ್ಸಿಡಿ ಪಟ್ಟಿಯಲ್ಲಿರುವ ಮಾದರಿಗಳಿಗಾದರೂ ಈ ಹಾಳೆ ಹಚ್ಚಿಸಬಹುದು.

ಕಬ್ಬಿನ ಸೀಜನ್ನಿನ ಬಗ್ಗೆಯೂ ಒಂದು ಮಾತು. ಎರಡು ಟ್ರ್ಯಾಲಿ ಹಚ್ಚಿ ಕಾರ್ಖಾನೆ ದಾರಿ ಹಿಡಿಯುವವರು ಐವತ್ತರ ಗಾಡಿ ಅಂದರೆ ಏನನ್ನಾದರೂ ಜಗ್ಗುತ್ತದೆ ಅಂದುಕೊಂಡಿದ್ದಾರೆ. ಜಗ್ಗಬಹುದು. ಇಳಿಜಾರಿನಲ್ಲಿ ಆ ಭಾರವನ್ನು ನಿಲ್ಲಿಸುವುದು ಎಚ್‌ಪಿ ಅಲ್ಲ, ಬ್ರೇಕು. ಬ್ರೇಕಿನ ಪರೀಕ್ಷೆಯ ಪುಟವೂ ಬುದ್ನಿ ವರದಿಯಲ್ಲಿ ಇದೆ. ಟ್ರ್ಯಾಕ್ಟರ್ ಮೇಲಿನ ಹಾಡಿನ ಡಬ್ಬಿಗೆ ಖರ್ಚು ಮಾಡುವ ಮುಂಚೆ ಅದನ್ನೂ ಒಮ್ಮೆ ನೋಡಬಹುದು.

ನಮ್ಮ ಬೀಗರು ಕೊನೆಗೆ ಏಳು ಅಡಿಯದನ್ನು ಮಾರಿ ಆರು ಅಡಿಯ ರೋಟಾವೇಟರ್ ತಂದಿದ್ದಾರೆ. ಹೊಗೆ ನಿಂತಿದೆ. ಈ ಸಲ ದೀಪಾವಳಿಗೆ ಟ್ರ್ಯಾಕ್ಟರ್ ತೆಗೆದುಕೊಳ್ಳುವ ವಿಚಾರ ನಿಮಗಿದ್ದರೆ, ಮಾದರಿಯ ಹೆಸರು ನಮಗೆ ಬರೆದು ಕಳಿಸಿ. ಅದರ ಪಿಟಿಒ ಪುಟ ಹುಡುಕಿ, ಕನ್ನಡದಲ್ಲಿ ನಾಲ್ಕು ಸಾಲು ಮಾಡಿ ನಿಮ್ಮ ಮೊಬೈಲಿಗೆ ಹಾಕುತ್ತೇವೆ.