ಕಾರ್ಯದ ಅವಧಿಯೂ ಮನೆಯ ಗಡಿಯಾರವೂ

'ಪ್ರೊಜೆಕ್ಟು' ಎಂಬ ಶಬ್ದವು ಈಗ ನಮ್ಮ ಹಳ್ಳಿಗಳ ಅಡಿಗೆಮನೆಯವರೆಗೂ ಬಂದು ಮುಟ್ಟಿದೆ. "ಮಗನ ಪ್ರೊಜೆಕ್ಟು ಮುಗಿಯಿತಂತೆ, ಮುಂದಿನದು ಇನ್ನೂ ಸಿಕ್ಕಿಲ್ಲವಂತೆ" ಎಂದು ತಾಯಂದಿರು ತಮ್ಮೊಳಗೆ ಮಾತನಾಡಿಕೊಳ್ಳುತ್ತಾರೆ. ಹಿಂದೆ ನೌಕರಿಯೆಂಬುದು ಸೇರಿದ ದಿನದಿಂದ ಪಿಂಚಣಿಯ ದಿನದವರೆಗೆ ಒಂದೇ ಹೊಳೆಯಾಗಿ ಹರಿಯುತ್ತಿತ್ತು. ಈಗಲಾದರೋ ಅದು ಕೆರೆಗಳ ಸಾಲಿನಂತಾಗಿದೆ. ಒಂದು ಕೆರೆಯಿಂದ ಇನ್ನೊಂದಕ್ಕೆ ಹೋಗುವ ನಡುವೆ ಒಣನೆಲವನ್ನು ದಾಟಬೇಕು.

ಪ್ರೊಜೆಕ್ಟೆಂದರೆ ಆದಿಯೂ ಅಂತ್ಯವೂ ಗೊತ್ತಾಗಿರುವ, ಇಷ್ಟೇ ಹಣ ಇಷ್ಟೇ ಜನವೆಂದು ಮೊದಲೇ ನಿಶ್ಚಯಿಸಿಕೊಂಡ ಕಾರ್ಯ. ಇದು ಪರದೇಶದ ನೂತನ ವಿದ್ಯೆಯೆಂದು ಹಲವರ ಭಾವನೆ. ಆದರೆ ಮೈಸೂರಿನ ಪ್ರಾಚ್ಯ ಪುಸ್ತಕಾಲಯದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚಿಗೆ ತಂದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಕಾರ್ಯಾಲೋಚನೆಗೆ ಐದು ಅಂಗಗಳು ಹೇಳಲ್ಪಟ್ಟಿವೆ. ತೊಡಗುವ ಉಪಾಯ, ಜನ ಮತ್ತು ಸಾಮಗ್ರಿ, ಸ್ಥಳ ಮತ್ತು ಸಮಯದ ಹಂಚಿಕೆ, ವಿಘ್ನ ಬಂದರೆ ಪರಿಹಾರ, ಕಡೆಗೆ ಸಿದ್ಧಿ. ಇವುಗಳಲ್ಲಿ ನಾಲ್ಕನೆಯದನ್ನು ನಮ್ಮವರು ಸಾಧಾರಣವಾಗಿ ಮರೆಯುತ್ತಾರೆ. ಮದುವೆಯ ಚಪ್ಪರಕ್ಕೆ ಮಳೆ ಬಂದಾಗ ಮಾತ್ರ ಅದು ನೆನಪಾಗುತ್ತದೆ.

ಈ ಐದು ಅಂಗಗಳೂ ಒಂದುಗೂಡಿದ ದೊಡ್ಡ ಕಾರ್ಯವನ್ನು ಕಾಣಲು ಹಣಕೋಣದ ನಾವು ದೂರ ಹೋಗಬೇಕಾಗಿಲ್ಲ. ಅಸ್ನೋಟಿಯ ನಿಲ್ದಾಣವು ಸಮೀಪದಲ್ಲಿಯೇ ಇದೆ. ಕೊಂಕಣ ರೇಲ್ವೆ ಕಾರ್ಪೊರೇಶನ್ 1990ರಲ್ಲಿ ಸ್ಥಾಪಿತವಾಯಿತು. ಇ. ಶ್ರೀಧರನ್ ಅವರು ಅದರ ಮೊದಲ ಮುಖ್ಯಸ್ಥರು. ರೋಹಾದಿಂದ ಮಂಗಳೂರಿನ ತನಕ 740 ಕಿಲೋಮೀಟರಿನಷ್ಟು ದಾರಿ. 2,000ಕ್ಕೂ ಮಿಕ್ಕ ಸಣ್ಣ ದೊಡ್ಡ ಸೇತುವೆಗಳು, 90ಕ್ಕೂ ಹೆಚ್ಚು ಸುರಂಗಗಳು, ಹೊನ್ನಾವರದ ಶರಾವತಿಯ ಮೇಲಂತೂ ಎರಡು ಕಿಲೋಮೀಟರಿಗೂ ಉದ್ದವಾದ ಸೇತುವೆ. 40,000ಕ್ಕೂ ಹೆಚ್ಚು ಭೂಮಾಲಿಕರಿಂದ ನೆಲವನ್ನು ಪಡೆಯಬೇಕಾಗಿತ್ತು. ಇಷ್ಟೆಲ್ಲವನ್ನು ಒಂದೇ ಕಚೇರಿಯಿಂದ ನಡೆಸುವ ಗೋಜಿಗೆ ಹೋಗದೆ, ಮಾರ್ಗವನ್ನು ಏಳು ವಿಭಾಗಗಳಾಗಿ ಮಾಡಿ, ಒಂದೊಂದಕ್ಕೂ ಮುಖ್ಯ ಇಂಜಿನಿಯರನನ್ನು ನೇಮಿಸಿ, ಸ್ಥಳದಲ್ಲಿಯೇ ತೀರ್ಮಾನ ಮಾಡುವ ಅಧಿಕಾರವನ್ನು ಕೊಟ್ಟರು. ಕಾರವಾರವು ಆ ಏಳರಲ್ಲಿ ಒಂದು. ಕಚೇರಿಗಳಲ್ಲಿ ಹಿಂದುಮುಂದಾಗಿ ನಡೆಯುವ ಗಡಿಯಾರವನ್ನು ತೂಗಹಾಕಿದ್ದರು. ಅದು ಕಳೆದ ಕಾಲವನ್ನು ತೋರಿಸದೆ, ಉಳಿದ ದಿನಗಳನ್ನು ತೋರಿಸುತ್ತಿತ್ತು.

ಐದು ವರ್ಷದಲ್ಲಿ ಮುಗಿಸುವ ಸಂಕಲ್ಪವಿತ್ತು, ಅದು ನೆರವೇರಲಿಲ್ಲ. ಗೋವೆಯಲ್ಲಿ ಮಾರ್ಗದ ವಿಷಯವಾಗಿ ವಿವಾದವೆದ್ದು ಕೆಲಸವು ಕೆಲಕಾಲ ನಿಂತಿತು. ಪೆರ್ನೆಂ ಸುರಂಗದಲ್ಲಿ ಹಸಿಮಣ್ಣು ಪದೇ ಪದೇ ಕುಸಿದು ವರ್ಷಗಳನ್ನೇ ನುಂಗಿತು. ಪೂರ್ಣಮಾರ್ಗದ ಉದ್ಘಾಟನೆಯು 1998ರ ಜನವರಿ 26ರಂದು ನಡೆಯಿತು. ಅವಧಿ ಮೀರಿತೆಂದು ಆಡಿಕೊಳ್ಳುವವರು ಅದಕ್ಕೆ ಹಿಂದೆ ಈ ಮಾರ್ಗವು ಎಷ್ಟು ದಶಕಗಳ ಕಾಲ ಕಾಗದದ ಮೇಲೆಯೇ ಇದ್ದಿತೆಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಆದರೆ ಆ ಗಡಿಯಾರದಲ್ಲಿ ಒಂದು ಕೊರತೆಯುಂಟು. ಕಾರ್ಯವು ಮುಗಿದ ದಿನ ಅದು ಸೊನ್ನೆಗೆ ಬಂದು ನಿಲ್ಲುತ್ತದೆ. ಕಟ್ಟಿದ್ದನ್ನು ಕಾಯುವ ಕೆಲಸಕ್ಕೆ ಅಂಥ ಗಡಿಯಾರವಿಲ್ಲ. 2024ರ ಆಗಸ್ಟ್ 7ರ ನಡುರಾತ್ರಿ ಕಾರವಾರ ಸದಾಶಿವಗಡಗಳ ನಡುವಣ ಹೆದ್ದಾರಿಯ ಹಳೆಯ ಕಾಳೀಸೇತುವೆಯು ಕುಸಿದು, ಒಂದು ಲಾರಿಯು ನದಿಗೆ ಬಿದ್ದಿತು. ಚಾಲಕನನ್ನು ಬದುಕಿಸಿಕೊಂಡರೆಂಬುದೇ ಪುಣ್ಯ. ಕಟ್ಟಿಸಿದವರ ಹೆಸರು ಕಲ್ಲಿನಲ್ಲಿರುತ್ತದೆ. ವರ್ಷವರ್ಷವೂ ಕಂಬಗಳನ್ನು ನೋಡಿಬರಬೇಕಾದವನ ಹೆಸರನ್ನು ಯಾರು ಬಲ್ಲರು?

ಇನ್ನು ಕಂಪ್ಯೂಟರಿನ ಉದ್ಯೋಗದವರ ಕ್ರಮವೇ ಬೇರೆ. 2001ರಲ್ಲಿ ಅಮೇರಿಕೆಯ ಯೂಟಾ ಪ್ರಾಂತದಲ್ಲಿ 17 ಮಂದಿ ತಜ್ಞರು ಕೂಡಿ 'ಎಜೈಲ್' ಎಂಬ ಪದ್ಧತಿಯ ತತ್ತ್ವಗಳನ್ನು ಪ್ರಕಟಿಸಿದರು. ದೊಡ್ಡ ನಕ್ಷೆಯೊಂದನ್ನು ಹಾಕಿ ವರ್ಷಾನುಗಟ್ಟಲೆ ಅದಕ್ಕೆ ಜೋತುಬೀಳದೆ, ಸ್ವಲ್ಪ ಸ್ವಲ್ಪವಾಗಿ ಮಾಡಿ ತೋರಿಸಿ, ತಿದ್ದಿಕೊಂಡು ಮುಂದೆ ಸಾಗುವುದು ಅದರ ಸಾರ. ಹಲವೆಡೆ ಎರಡು ವಾರಗಳಿಗೊಂದು ಕಂತು, ದಿನಕ್ಕೊಂದು ಚಿಕ್ಕ ಸಭೆ. ಸೇತುವೆಗೆ ಇದು ಸಲ್ಲದು; ಅರ್ಧ ಸೇತುವೆಯನ್ನು ಜನರಿಗೆ ಒಪ್ಪಿಸಿ ಅಭಿಪ್ರಾಯ ಕೇಳಲಾಗದು. ಕಂಪ್ಯೂಟರಿನ ಕೆಲಸಕ್ಕೆ ಹೊಂದೀತು.

2020ರ ಮಹಾಮಾರಿಯ ಕಾಲದಲ್ಲಿ ಈ ಸಭೆಗಳು ಬೆಂಗಳೂರು ಪುಣೆಗಳಿಂದ ಎದ್ದು ನಮ್ಮ ಮನೆಗಳ ಒಳಕೋಣೆಗಳಿಗೆ ಬಂದವು. ಬಹು ಜನರು ಹಿಂದಿರುಗಿದರಾದರೂ, ವಾರದಲ್ಲಿ ಕೆಲವು ದಿನ ಮನೆಯಿಂದಲೇ ದುಡಿಯುವವರು ಇನ್ನೂ ಇದ್ದಾರೆ. ನ್ಯೂಯಾರ್ಕಿನಲ್ಲಿ ಬೇಸಗೆಯ ಬೆಳಗಿನ 8-30 ಆಗುವಾಗ ನಮ್ಮಲ್ಲಿ ಸಂಜೆ 6 ಗಂಟೆ. ದೇವರಿಗೆ ದೀಪ ಹಚ್ಚುವ ಹೊತ್ತು, ಮಕ್ಕಳು ಹಸಿದು ಕೂಗುವ ಹೊತ್ತು. ಮಗನು ಆಗ ಕೋಣೆಯ ಬಾಗಿಲನ್ನು ಮುಚ್ಚಿದರೆ "ಪಾಪ, ಕೆಲಸದಲ್ಲಿದ್ದಾನೆ" ಎನ್ನುತ್ತೇವೆ. ಸೊಸೆಯು ಅದೇ ಕೆಲಸಕ್ಕೆ ಅದೇ ಬಾಗಿಲನ್ನು ಮುಚ್ಚಿದರೆ "ಮನೆಯಲ್ಲಿಯೇ ಇದ್ದಾಳಲ್ಲ, ಒಂದು ಲೋಟ ಚಹಾ ಮಾಡಿದರೆ ಏನಾಯಿತು" ಎನ್ನುತ್ತೇವೆ. ಸಂಬಳವನ್ನು ಮಾತ್ರ ಇಬ್ಬರಿಂದಲೂ ಸಮಾನವಾಗಿ ಸ್ವೀಕರಿಸುತ್ತೇವೆ! ಇದು ನ್ಯಾಯವಲ್ಲವೆಂದು ಹೇಳಲು ಯಾವ ಶಾಸ್ತ್ರಾಧಾರವೂ ಬೇಡ. ಆಕೆಯು ಒಂದೇ ಹೊತ್ತಿನಲ್ಲಿ ಎರಡು ಕೆಲಸಗಳನ್ನು ಮಾಡುತ್ತ ಎರಡರಲ್ಲಿಯೂ ಮಾತು ಕೇಳಬೇಕಾಗುತ್ತದೆ.

ಹಣದ ವಿಷಯದಲ್ಲಿ ಒಂದು ಮಾತು. ಪ್ರೊಜೆಕ್ಟಿನ ಸಂಬಳವನ್ನು ನಂಬಿ ಇಪ್ಪತ್ತು ವರ್ಷದ ಸಾಲದ ಕಂತನ್ನು ಹೊರುವ ಮೊದಲು ಆರು ತಿಂಗಳ ಮನೆಖರ್ಚು ಬ್ಯಾಂಕಿನಲ್ಲಿರತಕ್ಕದ್ದು. ಕೌಟಿಲ್ಯನ ನಾಲ್ಕನೆಯ ಅಂಗವು ಗೃಹಸ್ಥನಿಗೆ ಇದೇ. ಮೋಬೈಲಿನ ಮೂಲಕ ಬಂದ ಆಜ್ಞೆಯಂತೆ ಊಟ, ಸಾಮಾನು ಹೊತ್ತು ಓಡಾಡುವ ಹುಡುಗರ ಕ್ಷೇಮಕ್ಕೆ ನಮ್ಮ ರಾಜ್ಯವು 2025ರಲ್ಲಿ ಕಾಯಿದೆಯನ್ನು ಮಾಡಿದೆ. ಅಂಥವರು ತಮ್ಮ ಹೆಸರನ್ನು ನೋಂದಾಯಿಸಿಕೊಳ್ಳಬೇಕು.

ಮನೆಯಲ್ಲಿ ಇಬ್ಬರು ದುಡಿಯುವವರಿದ್ದರೆ ಅಡಿಗೆಮನೆಯ ಬಾಗಿಲಿಗೆ ಒಂದು ಪಾಟಿಯನ್ನು ತೂಗಹಾಕಿ, ಮುಂಜಾನೆಯೇ ಆ ದಿನದ ಸಭೆಗಳ ವೇಳೆಯನ್ನು ಬರೆದಿಡುವುದು ಲೇಸು. ಅದೇ ಪಾಟಿಯ ಮೇಲೆ ಹಾಲು ತರುವುದು, ಮಗುವನ್ನು ಸಾಲೆಯಿಂದ ಕರೆತರುವುದು, ಅಜ್ಜಿಯ ಔಷಧದ ಹೊತ್ತು ಇವನ್ನೂ ಬರೆದು, ಒಂದೊಂದರ ಎದುರಿಗೂ ಮಾಡುವವರ ಹೆಸರನ್ನು ಹಾಕತಕ್ಕದ್ದು. ಗಂಡಸರ ಹೆಸರು ಎಷ್ಟು ಸಾಲುಗಳಲ್ಲಿ ಬಂದಿದೆಯೆಂದು ಸಂಜೆ ಮಕ್ಕಳಿಂದ ಎಣಿಸಿರಿ.