ಬಾಟ್ಲಿ ರಕ್ತಕ್ಕೆ ಓಡುವ ಮೊದಲು ಕೇಳಬೇಕಾದ ಮಾತು

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆಯವರಿಗೆ ಹೊಟ್ಟೆ ಆಪರೇಷನ್ ಅಂದರೆ ಎರಡು ಚಿಂತೆ. ಒಂದು ರೊಕ್ಕ, ಇನ್ನೊಂದು ರಕ್ತ. "ಎರಡು ಬಾಟ್ಲಿ ರಕ್ತ ಹೊಂದಿಸ್ಕೋರಿ" ಅಂದ ಕೂಡಲೇ ಮನೆಯವರು ಕಲಬುರಗಿ ಕಡೆ ಓಡುತ್ತಾರೆ. ವಾಟ್ಸಾಪ್ ಗ್ರೂಪುಗಳಲ್ಲಿ "ಅರ್ಜೆಂಟ್ ಬ್ಲಡ್ ಬೇಕು" ಅಂತ ಮೆಸೇಜು ಹರಿದಾಡುತ್ತದೆ. ರಕ್ತ ಕೊಡುವವರಿಗೆ ನಾವು ಕೈ ಮುಗಿಯುತ್ತೇವೆ. ಆದರೆ ಇದ್ದ ರಕ್ತವನ್ನು ಮೈಯಲ್ಲೇ ಉಳಿಸಲು ನೆರವಾಗುವ ಔಷಧಿಯೂ ಇದೆ. ಅದರ ಬಗ್ಗೆ ಕೇಳುವವರು ಕಡಿಮೆ.

ಹೆಸರು ಟ್ರಾನೆಕ್ಸಾಮಿಕ್ ಆಸಿಡ್. ಹೆಸರಲ್ಲಿ ಆಸಿಡ್ ಇದೆ ಅಂತ ಹೆದರಬೇಡಿ. 1962ರಲ್ಲಿ ಇದನ್ನು ಲೋಕಕ್ಕೆ ತಿಳಿಸಿದವರು ಜಪಾನಿನ ವೈದ್ಯೆ ಉಟಾಕೊ ಒಕಾಮೊಟೊ ಮತ್ತು ಅವರ ಪತಿ ಶೋಸುಕೆ. ಗಾಯವಾದಲ್ಲಿ ರಕ್ತ ಹೆಪ್ಪುಗಟ್ಟಿ, ಹೊಲಕ್ಕೆ ಒಡ್ಡು ಹಾಕಿದಂತೆ ಹರಿವನ್ನು ತಡೆಯುತ್ತದೆ. ಮೈ ಆ ಒಡ್ಡನ್ನು ಕರಗಿಸುವ ಕೆಲಸವನ್ನೂ ಮಾಡುತ್ತಿರುತ್ತದೆ. ಒಡ್ಡು ಬೇಗ ಕರಗದಂತೆ ಈ ಔಷಧಿ ನೋಡಿಕೊಳ್ಳುತ್ತದೆ. ಇದು ಹೊಸ ರಕ್ತ ಕೊಡುವುದಿಲ್ಲ. ಕೊಯ್ದ ರಕ್ತನಾಳವನ್ನು ಕಟ್ಟುವುದು ಸರ್ಜನ್ ಕೆಲಸವೇ.

ಲಾಭ ಎಷ್ಟು? 2022ರಲ್ಲಿ ಪ್ರಕಟವಾದ ಪಾಯಿಸ್-3 ಅಧ್ಯಯನದಲ್ಲಿ ಹೃದಯದ್ದಲ್ಲದ ಬೇರೆ ಆಪರೇಷನ್ ಮಾಡಿಸಿಕೊಂಡ 9,535 ಜನರಿದ್ದರು. ಔಷಧಿ ಇಲ್ಲದವರಲ್ಲಿ ನೂರಕ್ಕೆ ಸುಮಾರು 12 ಮಂದಿಗೆ ಗಂಭೀರ ರಕ್ತಸ್ರಾವವಾದರೆ, ಔಷಧಿ ಪಡೆದವರಲ್ಲಿ 9 ಮಂದಿಗೆ. ಪವಾಡವಲ್ಲ. ಆದರೆ ರಕ್ತನಿಧಿ ದೂರ ಇರುವ ಊರಿನವರಿಗೆ ಆ ಮೂವರ ಲೆಕ್ಕ ಸಣ್ಣದಲ್ಲ.

ಇನ್ನೊಂದು ಮಾತನ್ನು ನಮ್ಮ ಜಿಲ್ಲೆಯವರು ಮರೆಯಬಾರದು. ಬಡ ಹೆಣ್ಣುಮಕ್ಕಳ, ತಾಂಡಾದ ಹೆಣ್ಣುಮಕ್ಕಳ ಗರ್ಭಕೋಶವನ್ನು ಬೇಡದಿದ್ದರೂ ತೆಗೆಯಲಾಗಿದೆ ಎಂಬ ದೂರು 2015ರಲ್ಲಿ ಇದೇ ಕಲಬುರಗಿ ಜಿಲ್ಲೆಯಲ್ಲಿ ಎದ್ದಿತ್ತು. ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುತ್ತದೆ ಅಂತ ಆಸ್ಪತ್ರೆಗೆ ಹೋದವರಿಗೆ ಗರ್ಭಕೋಶ ತೆಗೆಸುವುದೇ ದಾರಿ ಅನ್ನುವುದು ಸರಿಯಲ್ಲ. ಅದಕ್ಕೂ ಇದೇ ಔಷಧಿ ಮಾತ್ರೆಯ ರೂಪದಲ್ಲಿದೆ. ಮುಟ್ಟಿನ ದಿನಗಳಲ್ಲಿ ನುಂಗಿದರೆ ರಕ್ತ ಹೋಗುವುದು ಮೂರನೇ ಒಂದರಿಂದ ಅರ್ಧದವರೆಗೆ ಕಡಿಮೆಯಾಗುತ್ತದೆ. ಎಲ್ಲರಿಗೂ ಇದು ಸಾಕಾಗಲಿಕ್ಕಿಲ್ಲ, ಕೆಲವರಿಗೆ ಆಪರೇಷನ್ ಬೇಕೇ ಆಗುತ್ತದೆ. ಆದರೆ "ಮಾತ್ರೆ ಕೊಟ್ಟು ನೋಡೀರೇನು ಡಾಕ್ಟ್ರೇ?" ಅಂತ ಮೊದಲು ಕೇಳಲೇಬೇಕು. ಬೇಡದ ಆಪರೇಷನ್ ಮಾಡಿಸದಿದ್ದರೆ ಅದರ ರಕ್ತವೆಲ್ಲ ಉಳಿದಂತೆಯೇ.

ಸಿಸೇರಿಯನ್ ಕೂಡ ದೊಡ್ಡ ಹೊಟ್ಟೆ ಆಪರೇಷನ್ನೇ. ಎಲ್ಲ ಸಿಸೇರಿಯನ್‌ನಲ್ಲೂ ಮುಂಚಿತವಾಗಿ ಕೊಟ್ಟರೆ ದೊಡ್ಡ ಲಾಭ ಇದೆ ಅಂತ ಸಾಬೀತಾಗಿಲ್ಲ. ಆದರೆ ಹೆರಿಗೆಯಾದ ಮೇಲೆ ರಕ್ತ ವಿಪರೀತ ಹೋಗತೊಡಗಿದರೆ ಮಾತು ಬೇರೆ. ಸುಮಾರು 20,000 ತಾಯಂದಿರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ವುಮನ್ ಅಧ್ಯಯನದಲ್ಲಿ, ಮೂರು ಗಂಟೆಯೊಳಗೆ ಔಷಧಿ ಪಡೆದವರಲ್ಲಿ ರಕ್ತಸ್ರಾವದ ಸಾವು ಸುಮಾರು ಮೂರನೇ ಒಂದರಷ್ಟು ಕಡಿಮೆಯಾಗಿತ್ತು. ವಿಶ್ವ ಆರೋಗ್ಯ ಸಂಸ್ಥೆಯೂ ಮೂರು ಗಂಟೆಯೊಳಗೆ ಕೊಡಿ ಅನ್ನುತ್ತದೆ. ತಡವಾದಷ್ಟೂ ಗುಣ ಇಳಿಯುತ್ತದೆ. ಪ್ರತಿ 15 ನಿಮಿಷಕ್ಕೆ ಲಾಭ ಸುಮಾರು ಶೇ. 10ರಷ್ಟು ಕುಸಿಯುತ್ತದೆ.

ಈ ಲೆಕ್ಕವನ್ನು ನಮ್ಮ ರಸ್ತೆಗಳ ಮೇಲೆ ಇಟ್ಟು ನೋಡಿ. ಚಿಂಚೋಳಿಯಿಂದ ಕಲಬುರಗಿಗೆ ಸುಮಾರು 80 ಕಿಲೋಮೀಟರ್. ತಾಂಡಾದಿಂದ ಚಿಂಚೋಳಿಗೆ ಬರುವ ದಾರಿ ಬೇರೆ. "ಕಲಬುರಗಿಗೆ ಒಯ್ರಿ" ಅಂತ ಚೀಟಿ ಬರೆಯುವ ಮೊದಲೇ ಮೊದಲ ಡೋಸ್ ತಾಯಿಯ ನರಕ್ಕೆ ಹೋಗಿರಬೇಕು. ಆಮೇಲೆ ಆಂಬುಲೆನ್ಸ್.

ಆದ್ದರಿಂದ ಜನಪ್ರತಿನಿಧಿಗಳಿಗೆ, ಆರೋಗ್ಯ ಇಲಾಖೆಗೆ ನಮ್ಮ ಆಗ್ರಹ ಇಷ್ಟೇ: ಹೆರಿಗೆಯಾಗುವ ಪ್ರತಿ ಸರ್ಕಾರಿ ಆಸ್ಪತ್ರೆಯಲ್ಲೂ ಈ ಇಂಜೆಕ್ಷನ್ ಸದಾ ಇರಲಿ. ರಾತ್ರಿ ಪಾಳಿಯ ನರ್ಸಿಗೂ ಅದು ಎಲ್ಲಿದೆ, ಹೇಗೆ ಕೊಡಬೇಕು ಅಂತ ಗೊತ್ತಿರಲಿ. ಇದು ದುಬಾರಿ ಔಷಧಿಯಲ್ಲ, ದೇಶದ ಅಗತ್ಯ ಔಷಧಿಗಳ ಪಟ್ಟಿಯಲ್ಲೇ ಇದೆ.

ಓದುಗರು ಮಾಡಬೇಕಾದದ್ದೂ ಇದೆ. ಆಪರೇಷನ್‌ಗೆ ದಿನ ಇದ್ದರೆ ಹಿಮೋಗ್ಲೋಬಿನ್ ಪರೀಕ್ಷೆ ಮೊದಲೇ ಮಾಡಿಸಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ ಇದೆ. ಮೊದಲೇ ರಕ್ತ ಕಡಿಮೆ ಇದ್ದವರಿಗೆ ಸ್ವಲ್ಪ ಹೋದರೂ ಅಪಾಯ. ಕಬ್ಬಿಣಾಂಶದ ಮಾತ್ರೆಗೆ ಕೆಲವು ವಾರವಾದರೂ ಸಮಯ ಬೇಕು. ಡಾಕ್ಟರ್ ಹತ್ತಿರ "ಇವರಿಗೆ ಟ್ರಾನೆಕ್ಸಾಮಿಕ್ ಕೊಡಬಹುದಾ?" ಅಂತ ಕೇಳಿ. ಹಿಂದೆ ಕಾಲಿನಲ್ಲಿ ಅಥವಾ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ, ಪಾರ್ಶ್ವವಾಯು, ಫಿಟ್ಸ್ ಅಥವಾ ಕಿಡ್ನಿ ತೊಂದರೆ ಇದ್ದರೆ ಮುಚ್ಚಿಡದೆ ಹೇಳಿ. ಮೆಡಿಕಲ್ ಅಂಗಡಿಯಿಂದ ನೀವೇ ತಂದು ನುಂಗಬೇಡಿ.

ಡಾಕ್ಟರಿಗೆ ಪ್ರಶ್ನೆ ಕೇಳಿದರೆ ಸಿಟ್ಟಾಗುತ್ತಾರೆ ಅನ್ನುವ ಅಂಜಿಕೆ ನಮ್ಮ ಕಡೆ ಬಹಳ. ಆದರೆ ರೋಗಿಯ ಕಡೆಯವರು ವಿನಯದಿಂದ ಕೇಳುವುದು ತಪ್ಪಲ್ಲ, ಅದು ಅವರ ಹಕ್ಕು. ರಕ್ತ ಹೊಂದಿಸಲು ಊರೆಲ್ಲ ಫೋನ್ ಮಾಡುವ ನಾವು, ಎದುರಿಗಿರುವ ಡಾಕ್ಟರಿಗೆ ಒಂದು ಮಾತು ಕೇಳಲು ಯಾಕೆ ಹಿಂಜರಿಯಬೇಕು?